ಗುಂಡಿಯ ಉಂಗುರ

"ಅಯ್ಯೋ, ನಿಲ್ಲಿಸ್ರೀ! ಅದನ್ನ ಕೊಂದೇ ಬಿಡ್ತೀರಾ!"

ಎದುರಿನ ಸೈಕಲ್ ಅಂಗಡಿಯವನು ರಸ್ತೆ ದಾಟಿ ಓಡಿಬಂದು ಟೈಲರ್ ಹುಡುಗಿಯ ಮುಂಗೈಯನ್ನೇ ಹಿಡಿದುಬಿಟ್ಟಿದ್ದ. ಚಮಚದಲ್ಲಿದ್ದ ಹಾಲು ಹೊಲಿಗೆ ಮೆಷಿನ್ ಮೇಲೆಲ್ಲ ಚೆಲ್ಲಿತು.

"ಯಾರ್ರೀ ನೀವು, ನನ್ನ ಕೈ ಹಿಡಿಯೋಕೆ?"

"ಕೈ ಬಿಡ್ತೀನಿ. ಮೊದಲು ನೀವು ಆ ಚಮಚ ಬಿಡಿ!"

ಮೆಷಿನ್ ಪಕ್ಕದ ಚಪ್ಪಲಿ ಡಬ್ಬಿಯಲ್ಲಿ, ಚಿಂದಿ ಬಟ್ಟೆಗಳ ನಡುವೆ, ಪಾರಿವಾಳದ ಮರಿಯೊಂದು ನಡುಗುತ್ತಾ ಕೂತಿತ್ತು. ಊರು ಬಿಟ್ಟು ಹೊರಟಿದ್ದ ಗಿರಾಕಿಯೊಬ್ಬಳು, "ತಾಯಿ ಇಲ್ಲದ್ದು ಕಣೇ, ನೀನೇ ನೋಡ್ಕೋ" ಅಂತ ಬೆಳಿಗ್ಗೆ ತಾನೇ ಕೊಟ್ಟುಹೋಗಿದ್ದಳು. ಅವಳೋ ಅಲ್ಲಿಯವರೆಗೆ ಒಂದು ಇರುವೆಯನ್ನೂ ಸಾಕಿದವಳಲ್ಲ!

ಇದೆಲ್ಲ ಎಷ್ಟೋ ವರ್ಷದ ಹಿಂದಿನ ಮಾತು. ಆ ರಸ್ತೆ ಈಗ ಅಗಲವಾಗಿದೆ, ಆ ಚಪ್ಪಲಿ ಡಬ್ಬಿ ಯಾವ ಕಸದ ಬುಟ್ಟಿ ಸೇರಿತೋ. ಆದರೆ ಆ ಹಿಡಿತ ನೆನಪಾದರೆ ಅವಳ ಮುಂಗೈ ಇವತ್ತಿಗೂ ಬೆಚ್ಚಗಾಗುತ್ತದೆ.

"ಪಾರಿವಾಳದ ಮರಿ ಬೇರೆ ಮರಿಗಳ ಥರ ಬಾಯಿ ತೆರೆದು ಕಾಯೋದಿಲ್ಲ ಕಣ್ರೀ," ಅಂದ ಅವನು, ಈಗ ಸ್ವಲ್ಪ ಮೆತ್ತಗೆ. "ತಾಯಿಯ ಬಾಯೊಳಗೆ ತಾನೇ ಕೊಕ್ಕು ತೂರಿಸಿ ತಿನ್ನುತ್ತೆ. ಮೇಲಿಂದ ಸುರಿದ್ರೆ ಶ್ವಾಸಕ್ಕೆ ಹೋಗಿ ಸತ್ತೇ ಹೋಗುತ್ತೆ."

ಅವಳ ಕಣ್ಣಲ್ಲಿ ನೀರು ತುಂಬಿತು. "ನನಗೇನ್ರೀ ಗೊತ್ತಿತ್ತು..."

ಅವನು ಓಡಿಹೋಗಿ ಹಳೇ ಸೈಕಲ್ ಟ್ಯೂಬಿನ ತುಂಡು ತಂದ. ಪುಟ್ಟ ಬಾಟಲಿಯೊಂದರ ಬಾಯಿಗೆ ಅದನ್ನು ಎಳೆದು ಕಟ್ಟಿ, ನಡುವೆ ಸಣ್ಣದಾಗಿ ಸೀಳಿದ. ಕಾಳಿನ ಹಿಟ್ಟನ್ನು ಬೆಚ್ಚಗಿನ ನೀರಲ್ಲಿ ಕಲಸಿ ಒಳಗೆ ಹಾಕಿ ಹಿಡಿದರೆ... ಮರಿ ಕೊಕ್ಕು ತೂರಿಸಿ ಗಬಗಬ ತಿನ್ನತೊಡಗಿತು!

"ಇಲ್ಲಿ ಮುಟ್ಟಿ ನೋಡಿ. ಕತ್ತಿನ ಕೆಳಗೆ ಚೀಲದ ಥರ ಇದೆಯಲ್ಲ, ಅದು ತುಂಬಿದ್ರೆ ಸಾಕು. ಪೂರ್ತಿ ಖಾಲಿಯಾದ ಮೇಲೇ ಇನ್ನೊಂದು ಸಲ."

ಅವಳು ಬೆರಳ ತುದಿಯಿಂದ ಮುಟ್ಟಿದಳು. "ಅಯ್ಯೋ, ಇದಕ್ಕೆ ಜೇಬಿದೆ!"

ಅವನು ಜೋರಾಗಿ ನಕ್ಕುಬಿಟ್ಟ. ಆ ನಗುವಿಗೇ ಅವಳು ಅರ್ಧ ಸೋತಳು.

ಮರಿಯ ಕಣ್ಣು ಥೇಟ್ ಶರ್ಟಿನ ಗುಂಡಿಯಂತಿತ್ತು. ಅದಕ್ಕೇ ಗುಂಡಿ ಅಂತ ಹೆಸರಾಯಿತು. ಅಂದಿನಿಂದ ಅಂಗಡಿ ಬಾಗಿಲು ತೆಗೆದ ಕೂಡಲೇ ಎದುರಿನಿಂದ ಕೂಗು ಬರುತ್ತಿತ್ತು.

"ಜೇಬು ತುಂಬಿತಾ?"

"ತುಂಬಿತು!"

ಅಂಗಡಿಯ ಒಡತಿ ಅವಳ ಚಿಕ್ಕಮ್ಮ. ಕತ್ತರಿಗಿಂತ ಅವರ ನಾಲಿಗೆಯೇ ಹರಿತ. "ಅಲ್ವೇ, ಪಂಚರ್ ಹಾಕೋದು ಬಿಟ್ಟು ಅವನಿಗೆ ಇಲ್ಲೇನು ಕೆಲಸ? ಗಾಳಿ ಯಾರಿಗೆ ತುಂಬ್ತಾ ಇದ್ದಾನೆ, ಮರಿಗೋ ನಿನಗೋ?"

"ಹೋಗಿ ಚಿಕ್ಕಮ್ಮ!" ಅನ್ನುತ್ತಿದ್ದಳು ಅವಳು, ಮುಖ ಕೆಂಪಗೆ ಮಾಡಿಕೊಂಡು.

ಗುಂಡಿಗೆ ಬೆಳ್ಳಗೆ ಗರಿ ಮೂಡತೊಡಗಿತ್ತು. ಒಂದು ಮಧ್ಯಾಹ್ನ ಹಿಟ್ಟಿನ ಬಾಟಲಿಗೆ ಹೊಸ ರಬ್ಬರ್ ಕೇಳಲು ಅವಳು ರಸ್ತೆ ದಾಟಿದಳು. ಅವನು ಬೆನ್ನು ತಿರುಗಿಸಿ ಅಕ್ಕನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದ.

"ಉಂಗುರ ಬಂತಕ್ಕಾ... ಹೂಂ, ಬೆಳ್ಳಗೆ ಲಕ್ಷಣವಾಗಿದ್ದಾಳೆ. ಈ ವಾರದಲ್ಲೇ ಹಾಕಿಬಿಡ್ಬೇಕು. ತಡ ಮಾಡಿದ್ರೆ ಕೈತಪ್ಪಿ ಹೋಗ್ತಾಳೆ!"

ಅವಳು ರಬ್ಬರ್ ಕೇಳದೆಯೇ ಹಿಂತಿರುಗಿದಳು.

ಉಂಗುರ... ಬೆಳ್ಳಗಿದ್ದಾಳೆ... ಅವಳು ತನ್ನ ಕಪ್ಪು ಕೈಗಳನ್ನು ನೋಡಿಕೊಂಡಳು. *ಹುಚ್ಚಿ! ಅವನು ಮರಿ ನೋಡೋಕೆ ಬರ್ತಿದ್ದ, ನಿನ್ನ ನೋಡೋಕಲ್ಲ!*

ಸಂಜೆ ಅವನು ನಗುನಗುತ್ತಾ ಬಂದ. ಒಂದು ಕೈ ಜೇಬಿನಲ್ಲಿತ್ತು.

"ಇವತ್ತೊಂದು ವಿಶೇಷ ಇದೆ..."

"ನನಗೆ ಗೊತ್ತು. ಒಳ್ಳೇದಾಗಲಿ," ಅಂದಳು ತಲೆ ಎತ್ತದೆ. "ಇನ್ಮೇಲೆ ಬರಬೇಡಿ. ನನ್ನ ಮರಿನ ನಾನೇ ನೋಡ್ಕೋತೀನಿ."

ಅವನ ನಗು ಅಲ್ಲೇ ಆರಿತು. *ಕಲಿಯೋದು ಕಲಿತಾಯ್ತು, ಇನ್ನು ನಾನ್ಯಾಕೆ ಬೇಕು...* ಅಂದುಕೊಂಡಿರಬೇಕು. ಜೇಬಿನ ಕೈ ಜೇಬಿನಲ್ಲೇ ಇಟ್ಟುಕೊಂಡು ವಾಪಸ್ ಹೋದ. ಇಬ್ಬರಲ್ಲಿ ಒಬ್ಬರಾದರೂ "ಯಾಕೆ" ಅಂತ ಕೇಳಿದ್ದರೆ! ಆದರೆ ಆ ವಯಸ್ಸಿನಲ್ಲಿ ಬಿಗುಮಾನಕ್ಕೆ ಬರವೇ?

ಆಮೇಲೆ ಎದುರಿನಿಂದ ಕೂಗು ಬರಲಿಲ್ಲ. ಅವಳು ಬೆಳಿಗ್ಗೆ ಬಾಗಿಲು ತೆಗೆದು ಸುಮ್ಮನೆ ಒಂದು ಗಳಿಗೆ ನಿಲ್ಲುತ್ತಿದ್ದಳು. ಗುಂಡಿ ಬೆಳೆಯಿತು, ತಾನೇ ಕಾಳು ಕುಕ್ಕತೊಡಗಿತು, ಮೆಷಿನ್ ಮೇಲೆ ಕೂತು ಗುಟುರ್ ಗುಟುರ್ ಅನ್ನುತ್ತಿತ್ತು. ಅವಳು ಮಾತ್ರ ಹೊಲಿದದ್ದನ್ನೇ ಬಿಚ್ಚಿ ಮತ್ತೆ ಹೊಲಿಯುತ್ತಿದ್ದಳು. ಚಿಕ್ಕಮ್ಮ ಕೂಡ ತಮಾಷೆ ಮಾಡುವುದನ್ನು ನಿಲ್ಲಿಸಿದ್ದರು.

ಒಂದು ದಿನ ಗುಂಡಿ ಪಟಪಟ ರೆಕ್ಕೆ ಬಡಿದು ಬಾಗಿಲಿನಿಂದಾಚೆ ಹಾರಿಯೇಬಿಟ್ಟಿತು!

"ಗುಂಡೀ!"

ಅವಳು ಕೊರಳಲ್ಲಿ ಟೇಪು ನೇತಾಡುತ್ತಿರುವಂತೆಯೇ, ಬರಿಗಾಲಲ್ಲಿ ಓಡಿದಳು. ಗುಂಡಿ ಹಾರಿದ್ದಾದರೂ ಎಲ್ಲಿಗೆ? ಎದುರಂಗಡಿಯಲ್ಲಿ ತಲೆಕೆಳಗಾಗಿ ನಿಲ್ಲಿಸಿದ್ದ ಸೈಕಲ್ಲಿನ ಚಕ್ರದ ಮೇಲೆ, ಅವನ ಮೂಗಿನ ಮುಂದೆ ಕೂತಿತ್ತು.

ಅವನು ಅದನ್ನು ಮೆಲ್ಲಗೆ ಹಿಡಿದು ಅವಳತ್ತ ಚಾಚಿದ. "ತಗೊಳ್ಳಿ. ನಿಮ್ಮ ಮರಿ... ಗುರುತಿಗೆ ಅಂತ ತರಿಸಿದ್ದೆ. ಇನ್ನು ಆಗಲ್ಲ."

"ಏನು ತರಿಸಿದ್ರಿ?"

"ಉಂಗುರ. ಕಾಲಿಗೆ. ಪಾರಿವಾಳ ಸಾಕೋರು ಮರಿಯಿದ್ದಾಗಲೇ ಹಾಕ್ತಾರೆ. ಬೆರಳು ಬಲಿತ್ರೆ ತೂರಲ್ಲ."

ಅವನು ಡ್ರಾಯರಿನಿಂದ ತೆಗೆದು ತೋರಿಸಿದ. ಪುಟಾಣಿ ಲೋಹದ ಬಳೆ. ಅದರ ಮೇಲೆ ಅಷ್ಟೇ ಪುಟ್ಟದೊಂದು ಕತ್ತರಿಯ ಗುರುತು.

"ಕತ್ತರಿ ನೋಡಿದ್ರೆ, ಇದು ಟೈಲರ್ ಅಂಗಡಿಯದ್ದು ಅಂತ ಯಾರಾದ್ರೂ ನಿಮಗೇ ತಂದುಕೊಡ್ತಾರೆ ಅಂತ..."

ಅವಳು ಅದನ್ನು ಅಂಗೈಗೆ ತೆಗೆದುಕೊಂಡಳು. "ಅಂದ್ರೆ... ಆವತ್ತು ಫೋನಿನಲ್ಲಿ ಅಕ್ಕನಿಗೆ ಬೆಳ್ಳಗಿದ್ದಾಳೆ ಅಂದಿದ್ದು?"

"ಗುಂಡಿನ! ಇನ್ಯಾರನ್ನ?"

"ಮತ್ತೆ ನಿಮ್ಮ ಮದುವೆ?"

"ನನ್ನ ಮದುವೆನಾ? ನನಗೇ ಗೊತ್ತಿಲ್ಲದೆ?"

ಅವಳು ನಕ್ಕಳು, ನಗುತ್ತಲೇ ಬಿಕ್ಕಿ ಬಿಕ್ಕಿ ಅತ್ತಳು. ಗುಂಡಿ ಗಾಬರಿಯಾಗಿ ಅವನ ಹೆಗಲೇರಿತು. ಅವನಿಗೆ ಈಗ ಎಲ್ಲ ಅರ್ಥವಾಗತೊಡಗಿತು.

"ಅದಕ್ಕೇನಾ ನನ್ನ ಬರಬೇಡ ಅಂದಿದ್ದು? ಅಷ್ಟೊಂದು... ನೋವಾಯ್ತಾ?"

"ಆಗದೇ ಇರುತ್ತಾ? ನೀವಂದ್ರೆ ನನಗೆ ಇಷ್ಟ ಕಣ್ರೀ! ಮೊದಲನೇ ದಿನ ಕೈ ಹಿಡಿದಾಗಿಂದ!"

ಹೇಳಿಬಿಟ್ಟ ಮೇಲೆ ಅವಳಿಗೇ ನಾಚಿಕೆಯಾಯಿತು. ಅವನು ಗ್ರೀಸ್ ಕೈಗಳನ್ನು ಪ್ಯಾಂಟಿಗೆ ಒರೆಸಿಕೊಂಡ, ಇನ್ನೊಂದು ಸಲ ಒರೆಸಿಕೊಂಡ.

"ಹಾಗಾದ್ರೆ ಬೆರಳು ಕೊಡಿ."

"ಪಾರಿವಾಳದ ಉಂಗುರ ನನ್ನ ಬೆರಳಿಗೆ ಹೋಗುತ್ತೇನ್ರೀ?"

"ಹೋಗಲ್ಲ. ಅದಕ್ಕೇ ಅಳತೆ ಬೇಕು."

ಅವಳ ಕೊರಳಿನ ಟೇಪನ್ನೇ ಎಳೆದುಕೊಂಡು ಅವನು ಅವಳ ಬೆರಳಿಗೆ ಸುತ್ತಿದ. ಊರವರ ಅಳತೆಯೆಲ್ಲ ತೆಗೆದವಳ ಅಳತೆಯನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ಎದುರಿನಿಂದ ಚಿಕ್ಕಮ್ಮನ ಕೂಗು ಕೇಳಿತು: "ಸ್ವಲ್ಪ ಸಡಿಲ ಇಡಪ್ಪಾ, ಮದುವೆ ಆದ್ಮೇಲೆ ದಪ್ಪ ಆಗ್ತಾಳೆ!"

ಗುಂಡಿ ಬಹಳ ವರ್ಷ ಬದುಕಿ, ಅವರ ಮನೆಯ ಕಿಟಕಿಯಲ್ಲೇ ಕಣ್ಣು ಮುಚ್ಚಿತು. ಅದರ ಕಾಲಿಗೆ ಏರದ ಉಂಗುರ ಈಗಲೂ ಅವಳ ಕತ್ತರಿಯ ಹಿಡಿಯಲ್ಲಿ, ಕೆಂಪು ದಾರದಲ್ಲಿ ತೂಗುತ್ತದೆ. ಬಟ್ಟೆ ಕತ್ತರಿಸುವಾಗಲೆಲ್ಲ ಸಣ್ಣಗೆ ಸದ್ದು ಮಾಡುತ್ತದೆ.

"ಅಲ್ಲಾ ರೀ," ಅಂದಳು ನಿನ್ನೆ ಕೂಡ, ಕನ್ನಡಕ ಸರಿಮಾಡಿಕೊಳ್ಳುತ್ತಾ, "ಆವತ್ತು ಫೋನಿನಲ್ಲಿ 'ಗುಂಡಿಗೆ' ಅಂತ ಒಂದು ಮಾತು ಸೇರಿಸಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

"ಸೇರಿಸಿದ್ರೆ ನಿನಗೆ ಹೊಟ್ಟೆ ಉರೀತಿರಲಿಲ್ಲ. ಉರೀದಿದ್ರೆ ನೀನು ಬಾಯೇ ಬಿಡ್ತಿರಲಿಲ್ಲ."

ಅವಳು ನರೆತ ತಲೆಯನ್ನು ಅವನ ಹೆಗಲಿಗೆ ಒರಗಿಸಿದಳು.

"ಜೇಬು ತುಂಬಿತಾ?" ಕೇಳಿದ ಅವನು.

"ಯಾವತ್ತೋ ತುಂಬಿತು ಕಣ್ರೀ."