ಸುಟ್ಟ ಮೋಟರಿನ ತಪ್ಪೊಪ್ಪಿಗೆ

ಮಧ್ಯಾಹ್ನ ಒಂದು ಗಂಟೆಗೆ ಬಾಗಿಲು ತಟ್ಟಿದ, ಕಟ್ಟಡದ ಪಂಪು ನೋಡಿಕೊಳ್ಳುವ ಮೋಟರಣ್ಣ ಒಳಗೆ ಬಂದರೂ ಕೂರಲಿಲ್ಲ. ನಾಲ್ಕು ಮಡಿಕೆ ಮಾಡಿದ ಕಾಗದವೊಂದನ್ನು ನರ್ಸಮ್ಮನ ಮುಂದೆ ಹಿಡಿದ.

"ಕನ್ನಡಕ ಆಸ್ಪತ್ರೇಲೇ ಮರೆತು ಬಂದೆ. ಇದರಲ್ಲಿ ಏನಿದೆ ಸ್ವಲ್ಪ ಓದಿ ಹೇಳಿ ನರ್ಸಮ್ಮ. ಐದು ಗಂಟೆಗೆ ಸಭೇಲಿ ಸಹಿ ಹಾಕ್ಬೇಕಂತೆ."

ಊಟಕ್ಕೆ ಮೇಲೆ ಬಂದಿದ್ದ ಟೈಪಿಸ್ಟ್ ಎತ್ತಿದ ತುತ್ತನ್ನು ತಟ್ಟೆಗೇ ಇಳಿಸಿದಳು. ಅದರಲ್ಲಿ ಏನಿದೆ ಎಂದು ಅವಳಿಗೆ ಓದದೆಯೇ ಗೊತ್ತಿತ್ತು. ಬೆಳಿಗ್ಗೆ ಹತ್ತು ಗಂಟೆಗೆ, ಇದೇ ಕಟ್ಟಡದ ಕೆಳಗಿನ ಜೆರಾಕ್ಸ್ ಅಂಗಡಿಯಲ್ಲಿ, ಅದನ್ನು ಟೈಪ್ ಮಾಡಿದವಳು ಅವಳೇ. ಹೇಳಿ ಬರೆಸಿದವರು ಕಟ್ಟಡದ ನಿವಾಸಿಗಳ ಸಂಘದ ಅಧ್ಯಕ್ಷರಾದ ಮೇಷ್ಟ್ರು. ನಿವೃತ್ತ ವಿಜ್ಞಾನದ ಮೇಷ್ಟ್ರು, ಮೆತ್ತಗಿನ ಮಾತು. ಹಿಂದಿನ ಬೀದಿಯಲ್ಲಿ ಸ್ವಂತ ಮನೆ ಏಳುತ್ತಿದ್ದರೂ ಈ ಕಟ್ಟಡದ ಉಸಾಬರಿ ಬಿಟ್ಟವರಲ್ಲ. "ಪಾಪ, ಪೊಲೀಸು ಗಿಲೀಸು ಯಾಕೆ ಮಗಳೇ? ಒಂದು ತಪ್ಪೊಪ್ಪಿಗೆ ಬರೆದುಕೊಟ್ಟು ಗೌರವವಾಗಿ ಹೋಗಲಿ" ಎಂದಿದ್ದರು. ಎಂಥ ದೊಡ್ಡ ಮನಸ್ಸು ಎಂದುಕೊಂಡೇ ಅವಳು ಟೈಪ್ ಮಾಡಿದ್ದಳು.

ನರ್ಸಮ್ಮ ಅವಳ ದೊಡ್ಡಮ್ಮ. ಮೂವತ್ತು ವರ್ಷ ಆಸ್ಪತ್ರೆಯ ವಾರ್ಡುಗಳಲ್ಲಿ ದುಡಿದು ಬಂದವಳು. ಕಟ್ಟಡದ ಇಪ್ಪತ್ತನಾಲ್ಕು ಮನೆಗಳಲ್ಲಿ ಏನು ಕಳೆದರೂ, ಯಾರ ಮೇಲೆ ಅನುಮಾನ ಬಂದರೂ ಜನ ಮೊದಲು ಬರುತ್ತಿದ್ದುದು ಅವಳ ಬಳಿಗೆ. ಕೆಲಸ ಮುಗಿದ ಮೇಲೆ, ಎಲ್ಲದರಲ್ಲೂ ಮೂಗು ತೂರಿಸುತ್ತಾಳೆ ಎಂದು ಬೈಯುತ್ತಿದ್ದುದೂ ಅವಳನ್ನೇ.

ಅವಳು ಕಾಗದವನ್ನು ಗಟ್ಟಿಯಾಗಿ ಓದಿದಳು. "ನಿನ್ನೆ ನಾನು ಬಾವಿಯ ಬಳಿಯ ಪೆಟ್ಟಿಗೆ ತೆರೆದು, ನೀರಿನ ಮಟ್ಟ ತಿಳಿಸುವ ಎರಡು ತಂತಿಗಳನ್ನು ಒಂದಕ್ಕೊಂದು ಸುತ್ತಿ ಹೊರಗೆ ಹೋದೆನು. ಇದರಿಂದ ಮೋಟರ್ ಸುಟ್ಟಿರುತ್ತದೆ. ವಯಸ್ಸಾದ ಕಾರಣ ಬುದ್ಧಿ ಮಂಕಾಗಿ ಈ ತಪ್ಪು ನಡೆದಿದೆ. ಭಾನುವಾರದೊಳಗೆ ಕೋಣೆ ಖಾಲಿ ಮಾಡುತ್ತೇನೆ."

ಮೋಟರಣ್ಣನ ಮುಖ ಬೂದಿಯಾಯಿತು. ಪಂಪಿನ ಮನೆಗೆ ಅಂಟಿಕೊಂಡ ಒಂದೇ ಕೋಣೆಯಲ್ಲಿ ಅವನೂ ಹೆಂಡತಿಯೂ ಹದಿನೇಳು ವರ್ಷದಿಂದ ಇದ್ದರು. "ಕೋಣೆ ಹೋದ್ರೆ ಹೋಗ್ಲಿ. ಆದ್ರೆ ನಾನು ಮುಟ್ಟೇ ಇಲ್ಲದ್ದಕ್ಕೆ ನಾನೇ ಮಾಡ್ದೆ ಅಂತ ಬರ್ಕೊಡ್ಬೇಕಾ? ನಾಳೆ ಇನ್ನೊಂದು ಕಡೆ ಕೆಲಸ ಕೇಳೋಕೆ ಯಾವ ಮುಖ ಇಟ್ಕೊಂಡು ಹೋಗ್ಲಿ?"

"ಕೂತ್ಕೋ ಮೊದ್ಲು. ನಿನ್ನೆ ಏನಾಯ್ತು ಹೇಳು."

ಹೆಂಡತಿಯ ಕಣ್ಣಿನ ಕಟ್ಟು ಬಿಚ್ಚಿಸಲು ಬೆಳಿಗ್ಗೆ ಎಂಟಕ್ಕೆ ಹೊರಟವನು ಮರಳಿದ್ದು ಮೂರಕ್ಕೆ. ಎರಡು ಗಂಟೆಗಾಗಲೇ ಎಲ್ಲ ಮನೆಗಳ ನಲ್ಲಿ ಬತ್ತಿಹೋಗಿ ಜನ ಕೆಳಗಿಳಿದಿದ್ದರು. ಪಂಪಿನ ಮನೆಯ ತುಂಬ ಸುಟ್ಟ ವಾಸನೆ. ಬಾವಿಯ ತಳದಲ್ಲಿ ಕೆಸರು. ಸಂಘದ ಕಾರ್ಯದರ್ಶಿ ಕೆಂಡಾಮಂಡಲವಾಗಿ, ಆಗಲೇ ಪಂಪಿನ ಮನೆಗೂ ಬಾವಿಯ ಜಾಲರಿ ಬಾಗಿಲಿಗೂ ತಾನೇ ಬೀಗ ಜಡಿದು, ಮೂರಕ್ಕೆ ಬಂದ ಮೋಟರಣ್ಣನನ್ನು ಗೇಟಿನಲ್ಲೇ ತಡೆದಿದ್ದ. ಆಗಿನಿಂದ ಮೋಟರಣ್ಣನಿಗೆ ತನ್ನ ಕೋಣೆ ಬಿಟ್ಟು ಆ ಕಡೆ ಸುಳಿಯಲೂ ಅಪ್ಪಣೆಯಿಲ್ಲ. ಮೆಕ್ಯಾನಿಕ್ ಬರುವುದು ನಾಳೆ.

"ಆಟೊನ ಮ್ಯಾನ್ಯುವಲ್‌ಗೆ ತಿರುಗಿಸಿ ಹೋಗಿದೀಯ ಅಂತಾರೆ ಕಾರ್ಯದರ್ಶಿ. ಈ ಕಾಗದದಲ್ಲಿ ನೋಡಿದ್ರೆ ತಂತಿ ಗಿಂತಿ ಅಂತಿದೆ. ನಂಗೆ ತಲೆಬುಡ ತಿಳೀತಿಲ್ಲ."

ಆಟೊ ಎಂದರೆ ಪಂಪಿನ ಮನೆಯ ಗೋಡೆಗೆ ಎರಡು ವರ್ಷದ ಹಿಂದೆ ಕೂರಿಸಿದ ಪೆಟ್ಟಿಗೆ. ಮೇಲಿನ ಟ್ಯಾಂಕಿನಲ್ಲಿ ಒಂದು ಬುರುಡೆ ತೇಲುತ್ತಿರುತ್ತದೆ. ನೀರು ಇಳಿದರೆ ಅದೂ ಇಳಿದು ಮೋಟರನ್ನು ಎಬ್ಬಿಸುತ್ತದೆ, ತುಂಬಿದರೆ ಏರಿ ನಿಲ್ಲಿಸುತ್ತದೆ. ಬಾವಿಯಲ್ಲಿ ಎರಡು ಸಲಾಕೆ ಇಳಿಬಿಟ್ಟಿದೆ. ಅವುಗಳ ನಡುವೆ ನೀರಿದ್ದರೆ ತಂತಿಯಲ್ಲಿ ಕರೆಂಟು ಹರಿದು, ನೀರಿದೆ ಎಂದು ಪೆಟ್ಟಿಗೆಗೆ ತಿಳಿಯುತ್ತದೆ. ನೀರು ಸಲಾಕೆಗಿಂತ ಕೆಳಗೆ ಹೋದರೆ ಮೋಟರ್ ತಾನಾಗಿ ನಿಂತು, ಬಾವಿಯಲ್ಲಿ ಮತ್ತೆ ನೀರು ಊರುವವರೆಗೆ ಕಾಯುತ್ತದೆ. ಗುಂಡಿಯನ್ನು ಮ್ಯಾನ್ಯುವಲ್ಲಿಗೆ ತಿರುಗಿಸಿದರೆ ಇದಾವುದೂ ಇಲ್ಲ, ಕೈಯಾರೆ ನಿಲ್ಲಿಸುವವರೆಗೆ ಮೋಟರ್ ಓಡುತ್ತಲೇ ಇರುತ್ತದೆ. ಇದನ್ನು ಕೂರಿಸಿದ ದಿನ ಮೇಷ್ಟ್ರು ಎಲ್ಲರನ್ನೂ ಬಿಸಿಲಲ್ಲಿ ನಿಲ್ಲಿಸಿ ಅರ್ಧ ಗಂಟೆ ಪಾಠ ಮಾಡಿದ್ದರು. ಮೋಟರಣ್ಣ ಆ ಪಾಠ ಕೇಳಿರಲಿಲ್ಲ. ಅವನಿಗೆ ಎಲ್ಲರಿಗೂ ಚಹಾ ತರಲು ಹೇಳಿದ್ದರು.

ಕಾರ್ಯದರ್ಶಿಯಿಂದ ಬೀಗದ ಕೈ ಪಡೆಯುವುದು ನರ್ಸಮ್ಮನಿಗೆ ಕಷ್ಟವಾಗಲಿಲ್ಲ. "ಮುಖ ಯಾಕೆ ಹೀಗೆ ಕೆಂಪಾಗಿದೆ? ಬಿಪಿ ನೋಡಿಸ್ಕೊಳ್ಳಿ" ಎಂದಳು. ಅವನು ಗಾಬರಿಯಾಗಿ ಕೈಯನ್ನೂ ಕೊಟ್ಟ, ಬೀಗದ ಕೈಯನ್ನೂ ಕೊಟ್ಟ.

ಪಂಪಿನ ಮನೆಯೊಳಗೆ ಟೈಪಿಸ್ಟ್ ಮೂಗು ಮುಚ್ಚಿಕೊಂಡೇ ಕಾಲಿಟ್ಟಳು. ಆಟೊ ಪೆಟ್ಟಿಗೆಯ ತಿರುಗು ಗುಂಡಿಯ ಮೇಲೆ, ಗಾಯಕ್ಕೆ ಹಾಕುವ ಬಿಳಿ ಅಂಟುಪಟ್ಟಿ ಅಡ್ಡಲಾಗಿ ಅಂಟಿತ್ತು. ಅದರ ಮೇಲೆ ನರ್ಸಮ್ಮನ ಕೈಬರಹದಲ್ಲಿ ಎರಡು ತಿಂಗಳ ಹಿಂದಿನ ತಾರೀಖು, ಅದರ ಮೇಲೆ ಧೂಳು.

"ಯಾರೂ ಗೊತ್ತಿಲ್ದೆ ತಿರುಗಿಸ್ಬಾರ್ದು ಅಂತ ಮೋಟರಣ್ಣ ನನ್ಹತ್ರ ಇಸ್ಕೊಂಡು ಹೋಗಿದ್ದ. ಅಂಟುಪಟ್ಟಿ ಅಂದ್ಮೇಲೆ ತಾರೀಖು ಬರೀದೆ ನನ್ನ ಕೈ ಸುಮ್ನಿರಲ್ಲ." ನರ್ಸಮ್ಮ ಪಟ್ಟಿಯ ಎರಡೂ ಅಂಚನ್ನು ಉಗುರಿನಿಂದ ತಡವಿದಳು. ಎಲ್ಲೂ ಎದ್ದಿರಲಿಲ್ಲ.

ಬಾವಿಕಟ್ಟೆಯ ಮೇಲಿನ ಸಣ್ಣ ಪೆಟ್ಟಿಗೆ ತೆರೆದರೆ ಸಲಾಕೆಗಳ ಎರಡು ತಂತಿಗಳು ತಮ್ಮ ತಮ್ಮ ಜಾಗದಲ್ಲೇ ಇದ್ದವು. ತಾಮ್ರವೆಲ್ಲ ಹಳೆಯದಾಗಿ ಕಪ್ಪಾಗಿತ್ತು. ಆದರೆ ಎರಡರಲ್ಲೂ ಒಂದೊಂದು ಬೆರಳಗಲ ಹೊಸ ನಾಣ್ಯದಂತೆ ಹೊಳೆಯುತ್ತಿತ್ತು, ತಿರುಚಿ ಬಿಚ್ಚಿದ ಸುರುಳಿ ಇನ್ನೂ ಉಳಿದಿತ್ತು.

"ನೋಡಿದ್ಯಾ? ನೆನಪಿಟ್ಕೋ" ಎಂದಷ್ಟೇ ಹೇಳಿ ಅವಳು ಮುಚ್ಚಳ ಹಾಕಿದಳು.

ಬಾವಿಯಿಂದ ಟ್ಯಾಂಕಿಗೆ ಏರುವ ಕೊಳವೆಗೆ ಮೊಣಕಾಲೆತ್ತರದಲ್ಲಿ ಒಂದು ನಲ್ಲಿಯಿತ್ತು, ಟ್ಯಾಂಕ್ ತೊಳೆಯುವಾಗ ಬಳಸುವುದು. ಅದರ ಹಿಂದೆ ಕಾಂಪೌಂಡ್ ಗೋಡೆ. ಗೋಡೆಯ ತಲೆಯ ಮೇಲಿನ ಒಣ ಪಾಚಿ ಒಂದು ಗೇಣು ಉದ್ದಕ್ಕೆ ಉಜ್ಜಿಹೋಗಿತ್ತು.

ಪಕ್ಕದಲ್ಲೇ ಲಾಂಡ್ರಿಯವನ ತಗಡಿನ ಮಾಡು. ಟ್ಯಾಂಕ್ ಉಕ್ಕಿದರೆ ನೀರು ಬೀಳುವುದು ಆ ತಗಡಿನ ಮೇಲೆಯೇ. ನೀರಿಗಾಗಿ ಎಲ್ಲರೊಡನೆ ಜಗಳವಾಡುವ ಅವನ ಮೇಲೆ ಟೈಪಿಸ್ಟ್‌ಗೆ ಗಟ್ಟಿ ಅನುಮಾನವಿತ್ತು.

"ನಿನ್ನೆ ಟ್ಯಾಂಕ್ ಉಕ್ಕಿತಾ?" ನರ್ಸಮ್ಮ ಕೇಳಿದಳು.

"ಉಕ್ಕೋದಾ? ಹನ್ನೊಂದಕ್ಕೇ ನನ್ನ ನಲ್ಲಿ ನೂಲಿನ ಥರ ಆಗೋಯ್ತು. ನಲವತ್ತು ಬೆಡ್‌ಶೀಟು ಸೋಪಿನ ನೀರಲ್ಲೇ ಕೂತಿವೆ. ಆ ಬುರುಡೆ ಪೆಟ್ಟಿಗೆ ಬಂದ್ಮೇಲೆ ತಗಡಿನ ಮೇಲೆ ಒಂದು ಹನಿ ಬಿದ್ದಿದ್ರೆ ಕೇಳಿ."

ನರ್ಸಮ್ಮ ಸೊಂಟ ಹಿಡಿದುಕೊಂಡು ಗೋಡೆಯತ್ತ ಕೈ ತೋರಿದಳು. "ನಂಗೆ ಹತ್ತಕ್ಕಾಗಲ್ಲ. ನೀನು ಹತ್ತಿ ಆಚೆ ಏನಿದೆ ನೋಡೇ."

ಟೈಪಿಸ್ಟ್ ನಲ್ಲಿಯ ಬಳಿಯಿದ್ದ ಬಕೆಟ್ ಮಗುಚಿ ಹಾಕಿ ಹತ್ತಿದಳು. ಆಚೆ, ತಗ್ಗಿನಲ್ಲಿದ್ದ ಹಿಂದಿನ ಬೀದಿಯ ಹೊಸ ಮನೆ. ಎರಡು ದಿನದ ಹಿಂದೆ ಹಾಕಿದ ಕಾಂಕ್ರೀಟ್ ಚಾವಣಿ ಅವಳ ಕಣ್ಣಿನ ಮಟ್ಟಕ್ಕಿತ್ತು. ಬಿರುಕು ಬಿಡದಂತೆ ಅದರ ಮೇಲೆ ಸಿಮೆಂಟಿನ ಸಣ್ಣ ಬದು ಕಟ್ಟಿ ನೀರು ನಿಲ್ಲಿಸಿದ್ದರು. ಬೂದು ಬಣ್ಣದ ಹಸಿ ಬದುವಿನ ಉದ್ದಕ್ಕೂ ತುಕ್ಕಿನಂಥ ಕೆಂಪು ಗೆರೆ. ಇಂಥದೇ ಗೆರೆ ಎಲ್ಲೋ ದಿನಾ ಕಾಣುತ್ತೇನಲ್ಲ ಎನಿಸಿತು ಅವಳಿಗೆ.

ಗಾರೆಯವನೊಬ್ಬ ಮರಳಿನ ಮೇಲೆ ಕೂತಿದ್ದ. "ಟ್ಯಾಂಕರ್ ಬಂತಾ ನಿನ್ನೆ?" ಎಂದು ಕೂಗಿದಳು.

"ಮೊನ್ನೆಯಿಂದ ಕೈ ಕೊಟ್ಟಿದಾನೆ ಅಕ್ಕ. ನಾನು ಮಧ್ಯಾಹ್ನ ಬರೋಷ್ಟರಲ್ಲಿ ಚಾವಣಿ ತುಂಬಿತ್ತು. ಹೆಂಗೆ ಅಂತ ಕೇಳೋ ಸಂಬಳ ನಂಗೆ ಕೊಡಲ್ಲ."

ಕೆಳಗಿಳಿದವಳು ಬಕೆಟ್ ಎತ್ತಿಕೊಂಡಳು. ಅದರ ಒಳಗೂ ಅದೇ ಕೆಂಪು ಗೆರೆ. ಅದನ್ನು ಅಲ್ಲಿ ಬಿಡದೆ ಜೊತೆಗೇ ಒಯ್ದಳು.

ಐದು ಗಂಟೆಗೆ ವಾಹನ ನಿಲ್ಲಿಸುವ ಜಾಗದಲ್ಲಿ ಪ್ಲಾಸ್ಟಿಕ್ ಕುರ್ಚಿಗಳು ಬಿದ್ದವು. ಮೋಟರಣ್ಣ ಕಂಬಕ್ಕೆ ಒರಗಿ ನಿಂತಿದ್ದ. ಅವನಿಗೆ ಕುರ್ಚಿ ಹಾಕಿರಲಿಲ್ಲ. ಮೇಷ್ಟ್ರು ಕಾಗದವನ್ನು ಪ್ರಾರ್ಥನೆ ಓದುವಂತೆ ಓದಿ ಮುಗಿಸಿ, ಪೆನ್ನಿನ ಮುಚ್ಚಳ ತೆಗೆದರು.

"ಒಂದು ನಿಮಿಷ," ಎಂದಳು ನರ್ಸಮ್ಮ. "ಕಾರ್ಯದರ್ಶಿಗಳೇ, ಮೋಟರ್ ಹೇಗೆ ಸುಟ್ಟಿತು?"

"ಹೇಳಿದ್ನಲ್ಲ, ಮ್ಯಾನ್ಯುವಲ್‌ಗೆ ಹಾಕಿ ಹೋಗಿದಾನೆ."

"ಗುಂಡಿ ನೋಡಿದ್ರಾ?"

"ಆ ವಾಸನೇಲಿ ಯಾರು ನೋಡ್ತಾರೆ? ಬೇರೆ ಹೇಗೆ ಸುಡುತ್ತೆ?"

"ಗುಂಡಿ ಮೇಲೆ ಎರಡು ತಿಂಗಳ ಹಿಂದಿನ ಅಂಟುಪಟ್ಟಿ ಹಾಗೇ ಇದೆ. ಅದನ್ನ ಕೀಳದೆ ತಿರುಗಿಸೋಕಾಗಲ್ಲ. ಮ್ಯಾನ್ಯುವಲ್ ಆಗಿದ್ರೆ ಟ್ಯಾಂಕ್ ತುಂಬಿ ಈ ಲಾಂಡ್ರಿಯವನ ತಗಡಿನ ಮೇಲೆ ಧೋ ಅಂತ ಸುರೀಬೇಕಿತ್ತು. ಸುರಿದಿಲ್ಲ. ಹನ್ನೊಂದಕ್ಕೇ ನಲ್ಲಿ ಬತ್ತಿದೆ. ಅಂದ್ರೆ ಮೋಟರ್ ಆಟೊದಲ್ಲೇ ಓಡ್ತಿತ್ತು, ಬಾವಿ ನೀರು ಹೊರಗೂ ಬರ್ತಿತ್ತು, ಟ್ಯಾಂಕಿಗೆ ಮಾತ್ರ ಸೇರ್ತಿರ್ಲಿಲ್ಲ. ಕೊಳವೆಯ ಕೆಳಗಿನ ನಲ್ಲೀಲಿ ಹೋಗ್ತಿತ್ತು. ಟ್ಯಾಂಕ್ ತುಂಬಲ್ಲ, ಬುರುಡೆ ಏಳಲ್ಲ, ಮೋಟರ್ ನಿಲ್ಲಲ್ಲ."

"ಬಾವಿ ಬತ್ತಿದಾಗ ನಿಲ್ಬೇಕಿತ್ತಲ್ಲ?" ಲಾಂಡ್ರಿಯವನು ಕೇಳಿದ.

"ನಿಲ್ತಿತ್ತು. ನಿಂತ್ರೆ ಬಾವಿ ಊರೋವರೆಗೆ ಕಾಯ್ಬೇಕು. ಕಾಯೋ ತಾಳ್ಮೆ ಇಲ್ದೋರು ಎರಡು ತಂತಿ ಸುತ್ತಿದ್ರು. ಆಗ ಪೆಟ್ಟಿಗೆಗೆ ಬಾವೀಲಿ ಯಾವಾಗ್ಲೂ ನೀರಿದೆ. ಕೆಸರು ಬಂದ್ರೂ ಓಡಿತು, ಸುಟ್ಟಿತು. ಆಮೇಲೆ ತಂತಿ ಬಿಚ್ಚಿ ಮೊದಲಿನ ಹಾಗೇ ಸಿಕ್ಕಿಸಿದಾರೆ. ತಾಮ್ರ ಇನ್ನೂ ಹೊಳೀತಿದೆ."

"ನಾನೂ ಅದನ್ನೇ ಬರೆಸಿದ್ದು," ಮೇಷ್ಟ್ರು ಮೆತ್ತಗೆ ಅಂದರು. "ಇವನೇ ಸುತ್ತಿದ್ದು."

"ಬಿಚ್ಚಿದ್ದು ಯಾರು ಮೇಷ್ಟ್ರೇ? ಎಂಟಕ್ಕೆ ಹೋದವನು ಮೂರಕ್ಕೆ ಬಂದ. ಬಂದವನನ್ನ ಕಾರ್ಯದರ್ಶಿಗಳು ಬಾವಿ ಹತ್ರ ಸುಳಿಯೋಕೂ ಬಿಟ್ಟಿಲ್ಲ. ಎರಡು ಗಂಟೆಯಿಂದ ಅಲ್ಲಿ ಬೀಗ ಇದೆ."

ನರ್ಸಮ್ಮ ಮರಳಿಸಿದ್ದ ಬೀಗದ ಕೈಯನ್ನೇ ಕಾರ್ಯದರ್ಶಿ ನೋಡಿಕೊಂಡ.

"ಇನ್ನೊಂದು. ಇವತ್ತು ಮಧ್ಯಾಹ್ನ ನಾನು ಪೆಟ್ಟಿಗೆ ತೆಗೆಯೋವರೆಗೆ ಈ ಕಟ್ಟಡದಲ್ಲಿ ಎಲ್ಲರ ಬಾಯಲ್ಲೂ ಇದ್ದದ್ದು ಮ್ಯಾನ್ಯುವಲ್. ತಂತಿ ವಿಷಯ ಇದ್ದದ್ದು ಒಂದೇ ಕಡೆ, ಈ ಕಾಗದದಲ್ಲಿ. ನಾಳೆ ಮೆಕ್ಯಾನಿಕ್ ಬಂದು ತಾಮ್ರ ನೋಡಿ ಹೇಳೋ ಮಾತು ಬೆಳಿಗ್ಗೆ ಹತ್ತಕ್ಕೇ ಟೈಪ್ ಆಗಿತ್ತು. ಹೇಳಿ ಬರೆಸಿದೋರಿಗೆ ಹೇಗೆ ಗೊತ್ತಾಯ್ತು?"

"ಇವನೇ ನಂಗೆ ಹೇಳಿದ," ಎಂದರು ಮೇಷ್ಟ್ರು. ದನಿ ಈಗ ಅಷ್ಟು ಮೆತ್ತಗಿರಲಿಲ್ಲ.

ಟೈಪಿಸ್ಟ್ ಎದ್ದು ನಿಂತಳು. ಸಭೆಯಲ್ಲಿ ಬಾಯಿ ತೆರೆದ ಅಭ್ಯಾಸ ಅವಳಿಗಿರಲಿಲ್ಲ. ಕೆಂಪು ಗೆರೆಯ ಬಕೆಟನ್ನು ತಂದು ಎಲ್ಲರ ನಡುವೆ ಇಟ್ಟಳು. "ಈ ಸುತ್ತಮುತ್ತ ಕಬ್ಬಿಣದ ಅಂಶ ಇರೋ ನೀರು ನಮ್ಮ ಬಾವೀದು ಮಾತ್ರ. ಗೋಡೆ ಹತ್ತಿ ನೋಡಿ. ಟ್ಯಾಂಕರ್ ಬರದ ಮೇಷ್ಟ್ರ ಚಾವಣಿ ಮೇಲೆ ಇದೇ ಗೆರೆ ಇದೆ. ಪೈಪ್ ಎಳೆದ ಗುರುತು ಗೋಡೆ ಮೇಲಿದೆ."

ಲಾಂಡ್ರಿಯವನು ಆಗಲೇ ಗೋಡೆ ಹತ್ತಿದ್ದ. "ಹೌದು ಕಣ್ರೀ. ನಮ್ಮ ನೀರೇ" ಎಂದ. ಆಮೇಲೆ ಅವನ ಬಾಯಿಂದ ಬಂದ ಮಾತುಗಳಿಗೆ ಯಾರೂ ಅಡ್ಡ ಬರಲಿಲ್ಲ.

ಮೇಷ್ಟ್ರು ಕರವಸ್ತ್ರದಿಂದ ಹಣೆ ಒತ್ತಿಕೊಂಡರು. "ಚಾವಣಿ ಒಡೆದುಹೋಗ್ತಿತ್ತು. ಒಂದು ಗಂಟೆ ಅಂದ್ಕೊಂಡಿದ್ದೆ, ಅಲ್ಲೇ ಕಣ್ಣು ಹತ್ತಿಬಿಡ್ತು. ಹೊಸ ಮೋಟರ್ ನಾನೇ ಹಾಕಿಸ್ತೀನಿ. ಇವನೂ ಇರ್ಲಿ. ವಿಷಯ ಇಲ್ಲಿಗೇ ಬಿಡೋಣ."

ತಲೆಯಾಡಿಸಲು ಕೆಲವರು ಸಿದ್ಧರಾಗಿಯೇ ಇದ್ದರು. ಅದನ್ನು ಕಂಡು ಟೈಪಿಸ್ಟ್‌ಗೆ ತಡೆಯಲಾಗಲಿಲ್ಲ. ಒಬ್ಬನ ಮಾನ ಕಳೆಯಲು ಒಂದು ಹಾಳೆ ತುಂಬ ಟೈಪ್ ಬೇಕಾಗಿತ್ತು. ಇನ್ನೊಬ್ಬನಿಗೆ ಬರೀ 'ಇಲ್ಲಿಗೇ ಬಿಡೋಣ' ಎಂಬ ಮಾತು ಸಾಕಾಯಿತೇ? ಅವಳು ಯಾರನ್ನೂ ಕೇಳದೆ ಅಂಗಡಿಯತ್ತ ನಡೆದಳು. ಹತ್ತು ನಿಮಿಷದಲ್ಲಿ ಹೊಸ ಹಾಳೆಯೊಂದನ್ನು ತಂದು ಮೇಷ್ಟ್ರ ಮುಂದಿಟ್ಟಳು.

ಅದೇ ಕಾಗದ, ಅದೇ ಮಾತು. ಕೆಳಗಿನ ಹೆಸರು ಬದಲಾಗಿತ್ತು. ಕೋಣೆ ಖಾಲಿ ಮಾಡುವ ಸಾಲಿನ ಜಾಗದಲ್ಲಿ, ಅಧ್ಯಕ್ಷ ಸ್ಥಾನ ಖಾಲಿ ಮಾಡುತ್ತೇನೆ ಎಂದಿತ್ತು.

ಮೇಷ್ಟ್ರು ಓದಿದರು. ಒಂದು ಸಾಲಿನ ಮೇಲೆ ಬೆರಳಿಟ್ಟರು. "ಇದೊಂದು ತೆಗಿ ಮಗಳೇ. ಈ ಬುದ್ಧಿ ಮಂಕಾಗಿ ಅನ್ನೋದು. ಚೆನ್ನಾಗಿರಲ್ಲ."

ಅವಳು ಮೋಟರಣ್ಣನ ಕಡೆ ನೋಡಿದಳು.

ಮೋಟರಣ್ಣ ಕಂಬ ಬಿಟ್ಟು ಬಂದು, ಮೇಷ್ಟ್ರ ಪಕ್ಕದ ಖಾಲಿ ಕುರ್ಚಿಯಲ್ಲಿ ಕೂತ. "ಇರ್ಲಿ ಬಿಡಿ ಮೇಷ್ಟ್ರೇ. ನಂಗೆ ಬರೆದಾಗ ಇತ್ತಲ್ಲ."

ಮೇಷ್ಟ್ರು ಸಹಿ ಹಾಕುವವರೆಗೂ ಅವನು ಪೆನ್ನಿನ ತುದಿಯನ್ನೇ ನೋಡುತ್ತಿದ್ದ. ಆಮೇಲೆ ಎದ್ದು ಕಾರ್ಯದರ್ಶಿಯ ಮುಂದೆ ಕೈ ಚಾಚಿದ.

"ಬೀಗದ ಕೈ ಕೊಡಿ. ಬಾವಿ ಎಷ್ಟು ಊರಿದೆ ನೋಡ್ಬೇಕು."