ಟಿವಿ ಆರಿಸಬೇಡಿ, ಮೇಷ್ಟ್ರೇ!

"ಮೊದಲು ಟಿವಿ ಹಾಕ್ರೀ!"

ಅವಳು ಗುಡುಗಿದ ರೀತಿಗೆ ರಿಮೋಟ್ ಹಿಡಿದು ನಿಂತಿದ್ದವನು ತಬ್ಬಿಬ್ಬಾದ. ಹೆಗಲ ಮೇಲಿನ ಚೀಲ ಇನ್ನೂ ಇಳಿಸಿರಲಿಲ್ಲ. ಮನೆಯೊಳಗೆ ಕಾಲಿಟ್ಟವನೇ ಟಿವಿ ಆರಿಸಿಬಿಟ್ಟಿದ್ದ!

"ನೋಡಿ, ನಾನು ಆಸ್ಪತ್ರೆಯಿಂದ ಬಂದಿದ್ದೀನಿ. ನಿಮ್ಮ ತಂದೆಗೆ ಮಾತು ಕಲಿಸೋಕೆ. ಈ ಗಲಾಟೆಯಲ್ಲಿ..."

"ಗಲಾಟೆ ಅಲ್ಲ, 'ಒಂಬತ್ತನೇ ಕಕ್ಷೆ'! ಆಕಾಶ ಕಳಚಿ ಬಿದ್ದರೂ ಭಾನುವಾರ ಸಂಜೆ ಈ ಮನೆಯಲ್ಲಿ ಇದು ನಡೆಯುತ್ತೆ. ನೋಡೋದಾದ್ರೆ ಕೂತ್ಕೊಳ್ಳಿ, ಇಲ್ಲಾಂದ್ರೆ ನಾಳೆ ಬನ್ನಿ!"

ಮನೆಯಲ್ಲಿ ಎಲ್ಲರೂ ಅವಳನ್ನು 'ಮೆಣಸಿ' ಅಂತ ಕರೆಯುತ್ತಿದ್ದದ್ದು ಸುಮ್ಮನೆ ಅಲ್ಲ.

ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ, ಚೌಕಟ್ಟಿಗೆ ಕೂರಿಸುವುದು ಅವಳ ಕೆಲಸ. ವಾರವಿಡೀ ದುಡಿದು ಬಂದವಳಿಗೆ ಭಾನುವಾರದ ಆ ಒಂದು ಗಂಟೆ ಅಂದರೆ ಪ್ರಾಣ. ಅಮ್ಮ, ಅಜ್ಜಿ, ಅಪ್ಪ, ಅವಳು... ಎಲ್ಲರೂ ಒತ್ತಿಕೊಂಡು ಕೂತು, ಹೊಸ ಗ್ರಹ ಹುಡುಕಿ ಹೊರಟ ಆ ಬಾಹ್ಯಾಕಾಶ ಹಡಗಿನ ಕಥೆ ನೋಡುತ್ತಿದ್ದರು. ಅಮ್ಮನಿಗೆ ಅದರಲ್ಲಿನ ರೋಬೋ ಮೇಲೆ ಅಯ್ಯೋ ಪಾಪ. ಹಸಿರು ಮುಖದ ರಾಜ ಒಳಗೊಳಗೇ ಒಳ್ಳೆಯವನು ಅಂತ ಅಜ್ಜಿಯ ವಾದ.

ಅಪ್ಪ ಬಸ್ ಡ್ರೈವರ್. ಹಡಗಿನ ಚಾಲಕ ಬಂಡೆಗಳ ನಡುವೆ ನುಗ್ಗಿದರೆ ಸಾಕು, ಸೋಫಾದ ತುದಿಗೆ ಬಂದುಬಿಡುತ್ತಿದ್ದರು. "ತಿರುವಿನಲ್ಲಿ ಯಾರಾದ್ರೂ ಹಿಂಗೆ ನುಗ್ತಾರೇನೋ ಮುಠ್ಠಾಳ!"

ಒಂದು ಬೆಳಗ್ಗೆ ಶೂ ಕಟ್ಟಲು ಬಗ್ಗಿದ ಅಪ್ಪ ಮೇಲೇಳಲಿಲ್ಲ. ಲಕ್ವ. ಕೈಕಾಲು ನಿಧಾನಕ್ಕೆ ಸರಿಹೋಯಿತು. ಮಾತು ಮಾತ್ರ ಬರಲೇ ಇಲ್ಲ...

"ಯಜಮಾನನ ಬಾಯೇ ಬಿದ್ದುಹೋಗಿದೆ, ನಿಮಗೆ ಟಿವಿ ಬೇಕಾ? ಕಾಯಿಲೆ ಮನೇಲಿ ನಗೋಕೆ ನಾಚಿಕೆ ಆಗಲ್ವಾ?" ಎಂದಿದ್ದರು ದೊಡ್ಡಪ್ಪ.

ಅವಳು ಅವರ ಎದುರಿಗೇ ಟಿವಿಯ ಸದ್ದು ಇನ್ನಷ್ಟು ಏರಿಸಿದ್ದಳು!

ಬಂದವನು ಅಂದು ತೆಪ್ಪಗೆ ನೆಲದ ಮೇಲೆ ಕೂತು ಪೂರ್ತಿ ನೋಡಿದ. ಅಜ್ಜಿ ಅವನಿಗೆ 'ಮಾತಿನ ಮೇಷ್ಟ್ರು' ಎಂದು ಹೆಸರಿಟ್ಟೂ ಆಯಿತು. ಹೊರಡುವಾಗ ಅವನು ಮೆಟ್ಟಿಲ ಬಳಿ ನಿಂತ.

"ಟಿವಿ ವಿಷಯದಲ್ಲಿ ನನ್ನದೇ ತಪ್ಪು. ಆದರೆ ಒಂದು ಮಾತು... ನೀರು ಬೇಕಾ ಅಂತ ನಿಮ್ಮ ತಂದೆನ ಕೇಳಿದೆ. ನೀವು 'ಬೇಡ' ಅಂದ್ರಿ. ಚಳಿ ಆಗ್ತಿದೆಯಾ ಅಂದೆ. 'ಹೌದು' ಅಂದವರೂ ನೀವೇ. ಅವರ ಬಾಯಿಗೆ ಬರೋ ಮೊದಲೇ ಮಾತು ಕಸ್ಕೊಳ್ತಿದ್ದೀರಲ್ಲ?"

'ನನ್ನ ಅಪ್ಪನ ಬಗ್ಗೆ ನನಗೇ ಪಾಠವಾ!' ಅವಳ ಮೈ ಉರಿದುಹೋಯಿತು.

ಮಾರನೇ ದಿನ ಅಂಗಡಿಯಲ್ಲಿ ಗಾಜು ಉಜ್ಜುತ್ತಿದ್ದಾಗ ಇದ್ದಕ್ಕಿದ್ದಂತೆ ಕಣ್ಣು ತುಂಬಿತು. ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ.

ಆಮೇಲೆ ಮೇಷ್ಟ್ರು ಭಾನುವಾರವೇ ಬರತೊಡಗಿದ. ನಡುನಡುವೆ ಸದ್ದು ಇಳಿಸಿ, "ಈಗ ಏನಾಗುತ್ತೆ ಹೇಳಿ?" ಎಂದು ಅಪ್ಪನನ್ನು ಕೇಳುತ್ತಿದ್ದ. ಅಪ್ಪನ ತುಟಿ ಅದುರುತ್ತಿತ್ತು. ಉತ್ತರ ಅವಳ ನಾಲಿಗೆ ತುದಿಯಲ್ಲೇ ಇರುತ್ತಿತ್ತು. ಹಲ್ಲು ಕಚ್ಚಿ ಸುಮ್ಮನಿರುತ್ತಿದ್ದಳು. ಆಗ ಅವನು ಅವಳತ್ತ ನೋಡಿ, ಭೇಷ್ ಅನ್ನುವಂತೆ ಕಣ್ಣಲ್ಲೇ ನಗುತ್ತಿದ್ದ. ಆ ನಗುವಿಗಾಗಿ ತಾನು ವಾರವೆಲ್ಲ ಕಾಯುತ್ತಿದ್ದೇನೆ ಅಂತ ಅವಳಿಗೆ ಗೊತ್ತಾಗಿದ್ದು ತಡವಾಗಿ.

ಒಂದು ಭಾನುವಾರ ಆ ಚಾಲಕ ಹಡಗನ್ನು ನೇರ ಬಂಡೆಗೇ ಗುದ್ದಿಸಿದ.

"ಮು... ಮು... ಮುಠ್ಠಾಳ!"

ಅಪ್ಪ!

ಅಮ್ಮ ನಗುತ್ತಲೇ ಅತ್ತಳು. ಅಜ್ಜಿ ಚಪ್ಪಾಳೆ ತಟ್ಟಿದಳು. "ಎಷ್ಟೋ ಜನಕ್ಕೆ ಬೈಗುಳವೇ ಮೊದಲು ಬರೋದು!" ಎಂದ ಮೇಷ್ಟ್ರು. ಸಂತೋಷದಲ್ಲಿ ಅವಳು ಅವನ ಕೈ ಹಿಡಿದುಬಿಟ್ಟಳು. ಬಿಡುವುದು ಇಬ್ಬರಿಗೂ ಮರೆತುಹೋಯಿತು...

ಮುಂದಿನ ಭಾನುವಾರ ಬಂದವರು ಬೇರೆ! ನೆರೆತ ಕೂದಲಿನ ಹೆಂಗಸೊಬ್ಬರು. "ಇನ್ನು ಮುಂದೆ ನಾನೇ ಬರ್ತೀನಿ" ಎಂದರು.

"ನಿನ್ನ ಬಾಯಿಗೆ ಹೆದರಿ ಓಡಿಹೋದ ನೋಡು," ದೊಡ್ಡಪ್ಪ ಚುಚ್ಚಿದರು.

'ಕೈ ಹಿಡಿದೆ ಅಂತ ಹೀಗೆ ಮಾಡಿದನಾ? ನನ್ನನ್ನು ಏನಂತ ತಿಳಿದುಕೊಂಡ?' ಮೊದಲು ನಾಚಿಕೆಯಾಯಿತು. ಆಮೇಲೆ ಬಂದಿದ್ದು ಕೋಪ. ಅಳುತ್ತ ಕೂರುವ ಜಾಯಮಾನ ಅವಳದಲ್ಲ. ಸೋಮವಾರ ಊಟದ ಬಿಡುವಿನಲ್ಲಿ, ಗಾಜಿನ ಪುಡಿ ಮೆತ್ತಿದ ಏಪ್ರನ್‌ನಲ್ಲೇ ಆಸ್ಪತ್ರೆಗೆ ನುಗ್ಗಿ ಮೇಷ್ಟ್ರ ಎದುರು ನಿಂತಳು.

"ಅರ್ಧ ದಾರಿಯಲ್ಲಿ ಬಿಟ್ಟುಹೋಗೋಕೆ ನಮ್ಮಪ್ಪ ಏನು ಮಾಡಿದ್ರು?"

ಕಾರಿಡಾರ್‌ನಲ್ಲಿ ಓಡಾಡುತ್ತಿದ್ದವರೆಲ್ಲ ತಿರುಗಿ ನೋಡಿದರು. ಅವನು ತಲೆ ತಗ್ಗಿಸಿದ.

"ಅವರೇನೂ ಮಾಡಿಲ್ಲ. ಅವರ ಬಾಯಿಂದ ಮಾತು ಬಂದಾಗ ಎಲ್ಲರೂ ಅವರನ್ನೇ ನೋಡ್ತಿದ್ರು. ನಾನು... ನಿಮ್ಮನ್ನ ನೋಡ್ತಿದ್ದೆ. ಚಿಕಿತ್ಸೆ ಕೊಡೋಕೆ ಬಂದವನು ಹಾಗೆ ನೋಡಬಾರದು. ಅದಕ್ಕೇ ನನಗಿಂತ ಅನುಭವ ಇರೋರಿಗೆ ಒಪ್ಪಿಸಿದೆ."

ಅವಳ ಕೋಪ ಅರ್ಧಕ್ಕೆ ಇಳಿಯಿತು. ಆದರೂ ಸೋಲಲಿಲ್ಲ.

"ಒಂದು ಮಾತು ಹೇಳಿ ಹೋಗಬಹುದಿತ್ತಲ್ಲ?"

"ನನ್ನ ಮನಸ್ಸಲ್ಲಿರೋದು ಹೇಳಿದ್ದರೆ, ಎಲ್ಲಿ ಅಪ್ಪನ ಚಿಕಿತ್ಸೆ ನಿಂತುಹೋಗುತ್ತೋ ಅಂತ ನೀವು ಮನಸ್ಸಿಲ್ಲದೇ ಹೂಂ ಅಂದುಬಿಡ್ತಿದ್ರೋ ಏನೋ..."

"ಆಹಾ! ಬೇರೆಯವರ ಮಾತು ಕಸ್ಕೋಬೇಡಿ ಅಂತ ನನಗೆ ಬುದ್ಧಿ ಹೇಳಿದೋರು ನೀವು. ಈಗ ನನ್ನ ಉತ್ತರಾನ ನೀವೇ ಹೇಳ್ಕೊಂಡ್ರಾ?"

ಅವನು ತಪ್ಪಾಯಿತೆಂಬಂತೆ ಕಿವಿ ಹಿಡಿದುಕೊಂಡ.

"ಭಾನುವಾರ ಬನ್ನಿ. ಚೀಲ ಬೇಡ, ಪಾಠ ಬೇಡ. ನೀವು ಮಾತ್ರ ಬನ್ನಿ!"

ಅವನು ಬಂದ. ಬಾಗಿಲಲ್ಲೇ ದೊಡ್ಡಪ್ಪ ಅಡ್ಡ ನಿಂತರು.

"ಏನಪ್ಪಾ, ರೋಗಿ ನೋಡೋಕೆ ಬರ್ತಿದ್ಯೋ, ಹುಡುಗಿ ನೋಡೋಕೋ?"

"ದೊಡ್ಡಪ್ಪಾ, ಇವರನ್ನ ಕರೆದಿದ್ದು ನಾನು." ಅವಳು ಮುಂದೆ ಬಂದಳು. "ನನಗೆ ಇವರು ಇಷ್ಟ. ಕದ್ದುಮುಚ್ಚಿ ಅಲ್ಲ, ಅಪ್ಪನ ಎದುರಿಗೇ ಹೇಳ್ತಿದ್ದೀನಿ."

"ನೋಡಿದವರು ಏನಂತಾರೆ?"

"ಏನು ಬೇಕಾದ್ರೂ ಅನ್ನಲಿ! ಆಡೋರ ಬಾಯಿಗೆ ಬೀಗ ಹಾಕೋಕಾಗುತ್ತಾ? ಅವರಿಗೆ ಹೆದರಿ ಟಿವಿನೇ ಆರಿಸದ ನಾನು, ಮನಸ್ಸನ್ನ ಆರಿಸ್ತೀನಾ?"

ಎಲ್ಲರೂ ಅಪ್ಪನತ್ತ ತಿರುಗಿದರು. ಅಪ್ಪನ ತುಟಿ ಅದುರಿತು. 'ಅಪ್ಪ ಒಪ್ಪಿದ್ದಾರೆ' ಅಂದುಬಿಡಲೇ? ಅವಳು ಬಾಯಿ ಬಿಗಿಹಿಡಿದು ಕಾದಳು.

ಅಪ್ಪ ಮೆಲ್ಲಗೆ ಪಕ್ಕಕ್ಕೆ ಸರಿದು, ಸೋಫಾ ತಟ್ಟಿದರು. "ಕೂ... ಕೂತ್ಕೋ."

ಮೇಷ್ಟ್ರ ಕಣ್ಣು ತುಂಬಿತು. ಅವನು ಅಪ್ಪನ ಪಕ್ಕ ಕೂತ.

ದೊಡ್ಡಪ್ಪ ಮುಖ ಊದಿಸಿಕೊಂಡು ಚಪ್ಪಲಿ ಮೆಟ್ಟಿದರು. ಅಷ್ಟರಲ್ಲಿ ಹಸಿರು ಮುಖದ ರಾಜ ತೆರೆಯ ಮೇಲೆ ಬಂದ. ದೊಡ್ಡಪ್ಪನ ಕಾಲು ಹೊಸ್ತಿಲಲ್ಲೇ ನಿಂತಿತು.

"ನಿಂತು ನೋಡಿದ್ರೆ ಮಂಡಿ ನೋಯುತ್ತೆ. ಒಳಗೆ ಬಾರೋ," ಎಂದಳು ಅಜ್ಜಿ, ಟಿವಿಯಿಂದ ಕಣ್ಣು ತೆಗೆಯದೆ.

ಅವಳು ಸೋಫಾಕ್ಕೆ ಒರಗಿ ನೆಲದ ಮೇಲೆ ಕೂತಿದ್ದಳು. ಸ್ವಲ್ಪ ಹೊತ್ತಿಗೆ ಮೇಷ್ಟ್ರೂ ಮೆಲ್ಲಗೆ ಜಾರಿ ಅವಳ ಪಕ್ಕಕ್ಕೆ ಬಂದ.

"ಈಗಲೇ ಹೇಳಿಬಿಡ್ತೀನಿ," ಅವಳು ಪಿಸುಗುಟ್ಟಿದಳು. "ಮದುವೆ ಆದ ಮೇಲೂ ಭಾನುವಾರ ಸಂಜೆ ನಾನು ಇಲ್ಲೇ ಇರೋದು. ಯಾರು ಬೇಡ ಅಂದ್ರೂ ಕೇಳಲ್ಲ."

"ನಾನೂ ಇಲ್ಲೇ ಇರ್ತೀನಿ."

"ನಿಮ್ಮ ಮನೆಯವರು ಒಪ್ಪದಿದ್ರೆ?"

"ಅವರನ್ನೂ ಕರ್ಕೊಂಡು ಬರ್ತೀನಿ. ಜಾಗ ಇದೆಯಾ?"

ಅವಳು ಅವನ ಭುಜಕ್ಕೆ ತಲೆಯಾನಿಸಿದಳು.

"ಒತ್ಕೊಂಡು ಕೂತ್ರೆ... ಆಗುತ್ತೆ."