ನುಣುಪು ಮಾಡಿದ ರೆಕ್ಕೆ

"ಯಾರ್ರೀ ಗಾಳಿ ನಿಲ್ಲಿಸಿದ್ದು?"

ಪ್ರೊಫೆಸರ್ ನಿಯಂತ್ರಣ ಕೊಠಡಿಯಿಂದ ಧಾವಿಸಿ ಬಂದಾಗ ಗಾಳಿ ಹಾಯಿಸಿ ರೆಕ್ಕೆ ಪರೀಕ್ಷಿಸುವ ವಿಂಡ್ ಟನಲ್ಲಿನ ದೊಡ್ಡ ಫ್ಯಾನು ನಿಟ್ಟುಸಿರು ಬಿಡುತ್ತ ನಿಧಾನವಾಗುತ್ತಿತ್ತು. ಕೆಂಪು ಗುಂಡಿಯ ಮೇಲೆ ಕೈಯಿಟ್ಟು ನಿಂತಿದ್ದವನು, ವಿಮಾನದ ಮಾದರಿ ರೆಕ್ಕೆಗಳನ್ನು ಕೆತ್ತಲು ಆ ವಾರವಷ್ಟೇ ಸೇರಿದ್ದ ಮೇಸ್ತ್ರಿ.

"ನಾನೇ ಮೇಡಂ. ರೆಕ್ಕೆ ಬುಡದ ಸ್ಕ್ರೂ ಸಡಿಲ ಆಗಿದೆ."

"ನೋಡಿದ್ರಾ?"

"ಇಲ್ಲ. ಸದ್ದು ಬೇರೆ ಥರ ಬಂತು."

"ಈ ಗದ್ದಲದಲ್ಲಿ ಸ್ಕ್ರೂ ಸದ್ದು ಕೇಳಿಸ್ತಾ? ನಿಮ್ಮದು ಕಿವಿಯೋ, ಯಂತ್ರವೋ?"

"ಯಂತ್ರ ಆಗಿದ್ರೆ ಇಷ್ಟೊತ್ತಿಗೆ ನಂಬಿರ್ತಿದ್ರಿ."

ಟನಲ್ಲಿನ ಬಾಗಿಲು ತೆರೆದು ನೋಡಿದರೆ ಸ್ಕ್ರೂ ಅರ್ಧ ಹೊರಗೆ ಬಂದಿತ್ತು. ಇನ್ನೊಂದು ನಿಮಿಷ ಕಳೆದಿದ್ದರೆ ರೆಕ್ಕೆ ಕಿತ್ತು ಫ್ಯಾನಿಗೆ ಬಡಿಯುತ್ತಿತ್ತು.

ಅವಳು ಥ್ಯಾಂಕ್ಸ್ ಕೂಡ ಹೇಳಲಿಲ್ಲ. ಆದರೆ ಅಂದಿನಿಂದ ಅವಳ ಮನಸ್ಸು ಒಂದು ಕಡೆ ನಿಲ್ಲದಾಯಿತು...

ರೆಕ್ಕೆಯ ಮೇಲೆ ಗಾಳಿ ಹೇಗೆ ಹರಿಯುತ್ತದೆಂದು ಇಪ್ಪತ್ತು ವರ್ಷ ಪಾಠ ಹೇಳಿದವಳು. ಈಗ ಕೆಲಸವಿಲ್ಲದಿದ್ದರೂ ವರ್ಕ್‌ಶಾಪಿನ ಬಾಗಿಲವರೆಗೆ ಹೋಗುವಳು, ತಿರುಗಿ ಬರುವಳು, ಮತ್ತೆ ಹೋಗುವಳು.

"ಏನೇ ಇದು, ಕಾಲು ಸುಟ್ಟ ಬೆಕ್ಕಿನ ಹಾಗೆ ಮನೆ ತುಂಬಾ ಓಡಾಡ್ತೀಯ?" ಎಂದಳು ಮನೆಯಲ್ಲಿ ಜೊತೆಗಿದ್ದ ಅಕ್ಕ.

"ಪೇಪರ್ ಬರೀಬೇಕು ಕಣೇ."

"ಬರೆಯೋರು ಮೇಜಿನ ಮುಂದೆ ಕೂರ್ತಾರೆ. ಕನ್ನಡಿ ಮುಂದೆ ನಿಲ್ಲಲ್ಲ."

ಪೇಪರಿನ ಮಾತು ನಿಜವೇ. ಆ ತಿಂಗಳ ಪರೀಕ್ಷೆಯಲ್ಲಿ ಅವಳ ಹೊಸ ರೆಕ್ಕೆಗೆ ಗಾಳಿಯ ತಡೆ ನಂಬಲಾಗದಷ್ಟು ಕಡಿಮೆ ಬಂದಿತ್ತು. ಪ್ರಬಂಧ ಬರೆದು ಕಳಿಸಿದಳು, ಸಂಶೋಧನಾ ಪತ್ರಿಕೆಯವರು ಒಪ್ಪಿದರು. ವಿಭಾಗದ ಮುಖ್ಯಸ್ಥೆಯ ಹುದ್ದೆ ಅದರ ಬೆನ್ನಿಗೇ ಬರುವುದಿತ್ತು.

ಸಂತೋಷ ಹಂಚಿಕೊಳ್ಳಲು ಅವಳು ಓಡಿದ್ದು ಮೇಸ್ತ್ರಿಯ ಬಳಿಗೆ.

"ಎಲ್ಲಾ ನಿಮ್ಮ ಕೈಗುಣ."

ಅವನ ಮುಖ ಅರಳಿತು. "ರೆಕ್ಕೆ ಅಂಚಿಗೆ ಯಾರೋ ಮರಳು ಅಂಟಿಸಿ ಗಲೀಜು ಮಾಡಿದ್ರು ಮೇಡಂ. ನೀವು ಬರೋಷ್ಟರಲ್ಲಿ ಉಜ್ಜಿ ನುಣುಪು ಮಾಡಿಟ್ಟಿದ್ದೆ."



ಆ ಮರಳನ್ನು ಅಂಟಿಸಿದ್ದು ಅವಳೇ. ಚಿಕ್ಕ ಮಾದರಿಯ ಮೇಲೂ ಗಾಳಿ ದೊಡ್ಡ ವಿಮಾನದ ಮೇಲಿನಂತೆಯೇ ಕದಡಬೇಕಾದರೆ ಆ ಒರಟು ಬೇಕೇ ಬೇಕು. ಅದಿಲ್ಲದೆ ಬಂದ ಅಂಕಿಗಳೆಲ್ಲ ಸುಳ್ಳು.

"ನನ್ನ ಎರಡು ವರ್ಷದ ಕೆಲಸ ಉಜ್ಜಿ ಹಾಕಿದ್ರಿ. ಗೊತ್ತಿಲ್ಲದ ಕಡೆ ಕೈ ಯಾಕೆ ಇಡ್ತೀರಿ?"

ಅವನು ಕೈಯಲ್ಲಿದ್ದ ಉಳಿಯನ್ನು ಮೇಜಿನ ಮೇಲಿಟ್ಟು ಹೊರಟುಹೋದ. ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ.

'ಹೋದ್ರೆ ಹೋಗ್ಲಿ... ಇಷ್ಟಕ್ಕೇ ಮುನಿಸಾ?' ಎಂದುಕೊಂಡಳು. ಕಣ್ಣು ಮಾತ್ರ ಬಾಗಿಲು ಬಿಟ್ಟು ಕದಲಲಿಲ್ಲ. ಅವರಿಬ್ಬರನ್ನು ಬಿಟ್ಟು ವಿಷಯ ಯಾರಿಗೂ ತಿಳಿಯದು. ಬಾಯಿ ಮುಚ್ಚಿಕೊಂಡರೆ ಹುದ್ದೆ ಅವಳದು. ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು...

ನಾಲ್ಕನೆಯ ದಿನ ಬೆಳಿಗ್ಗೆ ಅವನು ಅವಳ ಕೋಣೆಗೆ ಬಂದ. ಕೈಯಲ್ಲೊಂದು ಕಾಗದ.

"ಬರೆಯೋಕೆ ಮೂರು ದಿನ ಬೇಕಾಯ್ತು. ತಪ್ಪೆಲ್ಲ ನನ್ನದು ಅಂತ ಸಹಿ ಹಾಕಿದ್ದೀನಿ. ಮೇಲಿನವರಿಗೆ ಕೊಡಿ, ನಿಮ್ಮ ಹೆಸರು ಕೆಡಬಾರದು."

"ನಿಮ್ಮ ಕೆಲಸ ಹೋಗುತ್ತೆ."

"ಮರ ಕೆತ್ತೋನಿಗೆ ಮರ ಎಲ್ಲಾದ್ರೂ ಸಿಗುತ್ತೆ."

ಅವಳು ಕಂಪ್ಯೂಟರಿನ ಪರದೆಯನ್ನು ಅವನತ್ತ ತಿರುಗಿಸಿದಳು. ಹಿಂದಿನ ದಿನವೇ ಪ್ರಬಂಧವನ್ನು ಹಿಂದಕ್ಕೆ ಪಡೆದಿದ್ದಳು. ತಪ್ಪಿಗೆ ಹೊಣೆ ಯಾರೆಂಬ ಜಾಗದಲ್ಲಿ ಇದ್ದದ್ದು ಅವಳೊಬ್ಬಳದೇ ಹೆಸರು.

"ಇದು ನ್ಯಾಯ ಅಲ್ಲ ಮೇಡಂ. ಉಜ್ಜಿದ್ದು ನಾನು."

"ಗಾಳಿ ಬಿಡೋ ಮುಂಚೆ ಅಂಚಿನ ಮೇಲೆ ಬೆರಳಾಡಿಸಿ ನೋಡಬೇಕಾದವಳು ನಾನು. ಇಪ್ಪತ್ತು ವರ್ಷದಲ್ಲಿ ಒಂದು ಸಲವೂ ತಪ್ಪಿಸಿರಲಿಲ್ಲ."

"ಮತ್ತೆ ಅವತ್ತು?"

"ಅವತ್ತು ನೀವು ಪಕ್ಕದಲ್ಲೇ ನಿಂತಿದ್ರಿ. ರೆಕ್ಕೆ ಬಿಟ್ಟು ನಿಮ್ಮನ್ನೇ ನೋಡ್ತಿದ್ದೆ..."

ಅವನು ಕಾಗದವನ್ನು ಮಡಚಿದ. ಬಿಚ್ಚಿದ. ಮತ್ತೆ ಮಡಚಿದ.

"ಅಷ್ಟು ಯಾಕೆ ಉಜ್ಜಿದೆ ಅಂತ ನೀವು ಕೇಳಲೇ ಇಲ್ಲ."

"ಯಾಕೆ?"

"ನೀವು ಬೆರಳಾಡಿಸಿ ನೋಡ್ತೀರಿ ಅಂತ ಗೊತ್ತಿತ್ತು. ಆ ಬೆರಳಿಗೆ ಒರಟು ತಗಲಬಾರದು ಅನ್ನಿಸ್ತು."

ಅಷ್ಟು ದಿನಗಳಲ್ಲಿ ಮೊದಲ ಸಲ ಅವಳು ಅಲುಗದೆ ಕುಳಿತಳು. ಕಣ್ಣು ತುಂಬಿತ್ತು; ತುಟಿಯಲ್ಲಿ ನಗು.

"ಇನ್ನು ನನ್ನನ್ನ ಮೇಡಂ ಅನ್ನಬೇಡಿ."

"ಮತ್ತೇನಂತ ಕರೀಲಿ?"

"ಮೂರು ದಿನ ಯೋಚನೆ ಮಾಡಿ ಹೇಳಿ. ಆದ್ರೆ ಈ ಸಲ ಇಲ್ಲೇ ಕೂತು ಯೋಚನೆ ಮಾಡಿ."

ಅವನು ಕುರ್ಚಿ ಎಳೆದುಕೊಂಡು ಅವಳ ಪಕ್ಕದಲ್ಲಿ ಕುಳಿತ.